ಅಲ್ಪವಿರಾಮ ಎಲ್ಲಿ, ಅರ್ಧವಿರಾಮ ಎಲ್ಲಿ: ಇಂಗ್ಲಿಷ್ ಬರೆಯುವ ಕನ್ನಡಿಗರಿಗೊಂದು ಮಾರ್ಗದರ್ಶಿ

ಗಂಗಾವತಿ ಕಡೆಯ ಭತ್ತ ಬೆಳೆಗಾರರ ಗುಂಪೊಂದು ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಅಕ್ಕಿ ಖರೀದಿದಾರರೊಬ್ಬರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಿತು. ದಾಸ್ತಾನು ಇರುವ ಊರುಗಳನ್ನು ಅದರಲ್ಲಿ “ಗಂಗಾವತಿ, ಕೊಪ್ಪಳ, ಸಿಂಧನೂರು, ರಾಯಚೂರು, ಸಿರುಗುಪ್ಪ, ಬಳ್ಳಾರಿ” ಎಂದು ಪಟ್ಟಿ ಮಾಡಲಾಗಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಮೂರೇ ಗೋದಾಮುಗಳು. ಪ್ರತಿ ಊರಿನ ಮುಂದೆ ಅದರ ಜಿಲ್ಲೆಯ ಹೆಸರನ್ನು ಸೇರಿಸಿದ್ದರು, ಅಷ್ಟೆ. ಈ ಸೀಮೆಯನ್ನು ಕಂಡಿರದ ಖರೀದಿದಾರರು ಆರು ಗೋದಾಮುಗಳೆಂದು ಓದಿಕೊಂಡು, ಆರಕ್ಕೂ ಬೇರೆಬೇರೆಯಾಗಿ ದಾಸ್ತಾನಿನ ವಿವರ ಕೇಳಿದರು. ಲೆಕ್ಕ ಸರಿಹೋಗುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಆ ಪತ್ರವನ್ನು ಬರೆದವನು ಹತ್ತನೆಯ ತರಗತಿಯಲ್ಲಿ ನನ್ನ ಬಳಿ ಇಂಗ್ಲಿಷ್ ಕಲಿತ ಹುಡುಗ. ಅವನ ಸ್ಪೆಲ್ಲಿಂಗ್ ಸರಿಯಾಗಿತ್ತು, ವ್ಯಾಕರಣವೂ ಸರಿಯಾಗಿತ್ತು. ಚಿಹ್ನೆಗಳ ಬಳಕೆಯನ್ನು ಮಾತ್ರ ನಾನು ಅವನಿಗೆ ಸರಿಯಾಗಿ ಕಲಿಸಿರಲಿಲ್ಲ. ಆಗ ಕಲಿಸದೆ ಬಿಟ್ಟದ್ದನ್ನು ಈಗ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಓದುವ ಕ್ರಮದ ಬಗ್ಗೆ ಮೊದಲು ಒಂದು ಮಾತು. ಇಂಗ್ಲಿಷ್ ಉದಾಹರಣೆಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಉದಾಹರಣೆಯನ್ನೂ ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಬರೆದುಕೊಳ್ಳಿ. ಕಣ್ಣಿನಲ್ಲಿ ಓದಿ ಮುಂದೆ ಹೋದವರಿಗಿಂತ ಕೈಯಿಂದ ಬರೆದವರಿಗೆ ಚಿಹ್ನೆಗಳು ಬೇಗ ಒಲಿಯುತ್ತವೆ ಎಂಬುದನ್ನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ತಪ್ಪು ಹುಟ್ಟುವ ಜಾಗ

“ಓದುವಾಗ ಉಸಿರು ನಿಲ್ಲುವಲ್ಲಿ ಅಲ್ಪವಿರಾಮ ಹಾಕು” ಎಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಕನ್ನಡದಲ್ಲಿ ಈ ಮಾತಿನಿಂದ ಹೆಚ್ಚು ಹಾನಿಯಾಗುವುದಿಲ್ಲ, ಏಕೆಂದರೆ ಕನ್ನಡದಲ್ಲಿ ವಾಕ್ಯದ ಬೆಸುಗೆ ಪದಗಳ ಕೊನೆಯಲ್ಲೇ ಇರುತ್ತದೆ. “ಮಳೆ ಬಂದು ಕೆರೆ ತುಂಬಿ ಕೋಡಿ ಹರಿಯಿತು” ಎಂಬ ವಾಕ್ಯದಲ್ಲಿ ಒಂದೂ ಅಲ್ಪವಿರಾಮ ಇಲ್ಲದಿದ್ದರೂ ಯಾರಿಗೂ ಗೊಂದಲವಾಗದು. “ಬಂದು”, “ತುಂಬಿ” ಎಂಬ ರೂಪಗಳೇ ಮಾತು ಇನ್ನೂ ಮುಗಿದಿಲ್ಲವೆಂದು ಹೇಳುತ್ತವೆ, “ಹರಿಯಿತು” ಎಂಬುದು ಮುಗಿಯಿತೆಂದು ಹೇಳುತ್ತದೆ. ವಿಭಕ್ತಿ ಪ್ರತ್ಯಯಗಳಿರುವ ಭಾಷೆಗಳಿಗೆ ಈ ಅನುಕೂಲ ಹಳೆಯ ಕಾಲದಿಂದಲೂ ಇದೆ. ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಬಂಡೆಶಾಸನವಾಗಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳಾಗಲಿ ಪ್ರಾಕೃತದಲ್ಲಿವೆ. ಅವುಗಳಲ್ಲಿ ನಮ್ಮ ಇಂದಿನ ಅಲ್ಪವಿರಾಮ ಅರ್ಧವಿರಾಮಗಳಿಲ್ಲ, ಆದರೂ ವಿದ್ವಾಂಸರು ಅವನ್ನು ಓದಿ ಅರ್ಥ ಹೇಳಿದ್ದಾರೆ.

ಇಂಗ್ಲಿಷಿನ ಸ್ಥಿತಿ ಬೇರೆ. ಆ ಭಾಷೆ ತನ್ನ ಹಳೆಯ ಪ್ರತ್ಯಯಗಳಲ್ಲಿ ಬಹುಪಾಲನ್ನು ಕಳೆದುಕೊಂಡಿದೆ. ಯಾವುದು ಕರ್ತೃ, ಯಾವ ಭಾಗ ಎಲ್ಲಿಗೆ ಸೇರಿತು ಎಂಬುದನ್ನು ಅಲ್ಲಿ ಪದಗಳ ಸ್ಥಾನ ಮತ್ತು ಚಿಹ್ನೆಗಳು ಹೇಳಬೇಕು. ಆದ್ದರಿಂದ ಇಂಗ್ಲಿಷ್ ಬರೆಯುವಾಗ ಉಸಿರನ್ನು ನಂಬದೆ ಕ್ರಿಯಾಪದವನ್ನು ನಂಬಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಪೂರ್ಣ ಕ್ರಿಯಾಪದಗಳನ್ನು ಎಣಿಸಿ

ಬರೆದ ವಾಕ್ಯದಲ್ಲಿ ಕರ್ತೃವಿಗೆ ಒಂದು ಗೆರೆ, ಅದರ ಪೂರ್ಣ ಕ್ರಿಯಾಪದಕ್ಕೆ ಎರಡು ಗೆರೆ ಎಳೆಯಿರಿ. ಪೂರ್ಣ ಕ್ರಿಯಾಪದ ಎಂದರೆ “ಹರಿಯಿತು” ಎಂಬಂತೆ ಮಾತನ್ನು ಮುಗಿಸುವ ಶಕ್ತಿಯುಳ್ಳದ್ದು. “ಕೇಮ್”, “ಈಸ್”, “ಹ್ಯಾಸ್ ಗಾನ್”, “ವಿಲ್ ಪೇ” ಇಂಥವು. “ಕಮಿಂಗ್”, “ಹ್ಯಾವಿಂಗ್ ಗಾನ್” ಎಂಬ ರೂಪಗಳು ನಮ್ಮ “ಬರುತ್ತಾ”, “ಹೋಗಿ” ಇದ್ದಂತೆ. ಅವುಗಳಿಗೆ ಮಾತನ್ನು ಮುಗಿಸುವ ಶಕ್ತಿ ಇಲ್ಲ, ಆದ್ದರಿಂದ ಅವನ್ನು ಎಣಿಸಬೇಡಿ.

ಈಗ ಈ ವಾಕ್ಯವನ್ನು ನೋಡಿ: “ದಿ ಕೆನಾಲ್ ಈಸ್ ಫುಲ್, ದಿ ಫೀಲ್ಡ್ಸ್ ಆರ್ ಡ್ರೈ.” ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರು ಇದೇ ಅರ್ಥದ ಮಾತನ್ನು ತಮ್ಮ ಅರ್ಜಿಗಳಲ್ಲಿ ಎಷ್ಟೋ ಸಲ ಬರೆದಿದ್ದಾರೆ. ಇದರಲ್ಲಿ “ಈಸ್” ಒಂದು, “ಆರ್” ಇನ್ನೊಂದು, ಒಟ್ಟು ಎರಡು ಪೂರ್ಣ ಕ್ರಿಯಾಪದಗಳಿವೆ. ಅಲ್ಪವಿರಾಮದ ಎಡಭಾಗವನ್ನು ಬೆರಳಿನಿಂದ ಮುಚ್ಚಿ ಬಲಭಾಗವನ್ನು ಓದಿ. ಅದು ತಾನಾಗಿಯೇ ನಿಲ್ಲುತ್ತದೆ. ಬಲಭಾಗವನ್ನು ಮುಚ್ಚಿ ಎಡಭಾಗವನ್ನು ಓದಿ, ಅದೂ ನಿಲ್ಲುತ್ತದೆ. ತಾನಾಗಿ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಒಂದು ಬರೀ ಅಲ್ಪವಿರಾಮ ಹಿಡಿದಿಡಲಾರದು. ನಮ್ಮ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ನಾನು ಕಂಡಿರುವ ಚಿಹ್ನೆಯ ತಪ್ಪುಗಳಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು.

ಇದನ್ನು ನಾಲ್ಕು ಬಗೆಯಲ್ಲಿ ಸರಿಪಡಿಸಬಹುದು. ಪೂರ್ಣವಿರಾಮ ಇಟ್ಟು ಎರಡು ವಾಕ್ಯ ಮಾಡಬಹುದು: “ದಿ ಕೆನಾಲ್ ಈಸ್ ಫುಲ್. ದಿ ಫೀಲ್ಡ್ಸ್ ಆರ್ ಡ್ರೈ.” ಎರಡರ ನಂಟು ಬಿಗಿಯಾಗಿದೆಯೆಂದು ತೋರಿಸಬೇಕಾದರೆ ಅರ್ಧವಿರಾಮ ಇಡಬಹುದು: “ದಿ ಕೆನಾಲ್ ಈಸ್ ಫುಲ್; ದಿ ಫೀಲ್ಡ್ಸ್ ಆರ್ ಡ್ರೈ.” ಅಲ್ಪವಿರಾಮದ ಜೊತೆಗೆ ಒಂದು ಸಂಬಂಧ ಪದವನ್ನು ಸೇರಿಸಬಹುದು: “ದಿ ಕೆನಾಲ್ ಈಸ್ ಫುಲ್, ಬಟ್ ದಿ ಫೀಲ್ಡ್ಸ್ ಆರ್ ಡ್ರೈ.” ಇಲ್ಲವೇ ಒಂದು ಭಾಗವನ್ನು ಇನ್ನೊಂದಕ್ಕೆ ಅಧೀನ ಮಾಡಬಹುದು: “ಆಲ್ದೋ ದಿ ಕೆನಾಲ್ ಈಸ್ ಫುಲ್, ದಿ ಫೀಲ್ಡ್ಸ್ ಆರ್ ಡ್ರೈ.” ಕೊನೆಯ ಬಗೆಯಲ್ಲಿ “ಆಲ್ದೋ” ಬಂದ ಮೇಲೆ ಮತ್ತೆ “ಬಟ್” ಬರಬಾರದು, ಅದು “ತುಂಬಿದ್ದರೂ” ಎಂದ ಮೇಲೆ “ಆದರೆ” ಎಂದು ಸೇರಿಸಿದಂತಾಗುತ್ತದೆ. ನಾಲ್ಕರಲ್ಲಿ ಯಾವುದನ್ನು ಆರಿಸಬೇಕೆಂಬುದು ಬರೆಯುವವರ ಮನಸ್ಸಿಗೆ ಬಿಟ್ಟದ್ದು. ಅಧಿಕಾರಿಗಳಿಗೆ ಕೊಡುವ ಅರ್ಜಿಯಲ್ಲಾದರೆ ನಾನು ಮೊದಲನೆಯದನ್ನೋ ಮೂರನೆಯದನ್ನೋ ಆರಿಸುತ್ತೇನೆ, ಏಕೆಂದರೆ ಅವಸರದಲ್ಲಿ ಓದುವವರಿಗೂ ಅವುಗಳಲ್ಲಿ ಅರ್ಥ ಜಾರುವುದಿಲ್ಲ.

ಎರಡನೆಯ ಹೆಜ್ಜೆ: ಸಂಬಂಧ ಪದ ಯಾವ ಜಾತಿಯದೆಂದು ನೋಡಿ

ಅಲ್ಪವಿರಾಮದ ಜೊತೆ ನಿಂತು ಎರಡು ಪೂರ್ಣ ವಾಕ್ಯಗಳನ್ನು ಬೆಸೆಯುವ ಶಕ್ತಿ ಇಂಗ್ಲಿಷಿನಲ್ಲಿ ಏಳು ಚಿಕ್ಕ ಪದಗಳಿಗಿದೆ: “ಫಾರ್”, “ಆ್ಯಂಡ್”, “ನಾರ್”, “ಬಟ್”, “ಆರ್”, “ಯೆಟ್”, “ಸೋ”. ಇವುಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

“ಹವೆವರ್”, “ದೇರ್‌ಫೋರ್”, “ಮೋರೋವರ್”, “ಅದರ್‌ವೈಸ್” ಎಂಬ ಪದಗಳಿಗೆ ಆ ಶಕ್ತಿ ಇಲ್ಲ. ಇಲ್ಲಿ ಕನ್ನಡಿಗರು ಎಡವುವುದಕ್ಕೆ ಸ್ಪಷ್ಟವಾದ ಕಾರಣವಿದೆ. “ಬಟ್” ಎಂದರೂ “ಆದರೆ”, “ಹವೆವರ್” ಎಂದರೂ “ಆದರೆ”. “ಸೋ” ಎಂದರೂ “ಆದ್ದರಿಂದ”, “ದೇರ್‌ಫೋರ್” ಎಂದರೂ “ಆದ್ದರಿಂದ”. ನಿಘಂಟಿನಲ್ಲಿ ಅರ್ಥ ಒಂದೇ ಇರುವುದರಿಂದ ಎರಡನ್ನೂ ಒಂದೇ ರೀತಿ ಬಳಸುತ್ತೇವೆ. ವ್ಯಾಕರಣದಲ್ಲಿ ಮಾತ್ರ ಅವು ಬೇರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದ ಸಂಗತಿ ಈ ಭಾಗದಲ್ಲಿ ಎಲ್ಲರಿಗೂ ನೆನಪಿದೆ. ಅದರ ಬಗ್ಗೆ “ದಿ ಗೇಟ್ ವಾಸ್ ಲಾಸ್ಟ್, ಹವೆವರ್ ಎ ಟೆಂಪರರಿ ಗೇಟ್ ವಾಸ್ ಸೂನ್ ಫಿಟೆಡ್” ಎಂದು ಬರೆದರೆ ತಪ್ಪು. “ದಿ ಗೇಟ್ ವಾಸ್ ಲಾಸ್ಟ್; ಹವೆವರ್, ಎ ಟೆಂಪರರಿ ಗೇಟ್ ವಾಸ್ ಸೂನ್ ಫಿಟೆಡ್” ಎಂದು ಬರೆದರೆ ಸರಿ. “ಹವೆವರ್” ಪದದ ಹಿಂದೆ ಅರ್ಧವಿರಾಮ ಅಥವಾ ಪೂರ್ಣವಿರಾಮ, ಮುಂದೆ ಅಲ್ಪವಿರಾಮ ಬರಬೇಕು. ಅದೇ ಜಾಗದಲ್ಲಿ “ಬಟ್” ಇದ್ದರೆ ಹಿಂದೆ ಅಲ್ಪವಿರಾಮ ಸಾಕು, ಮುಂದೆ ಏನೂ ಬೇಡ.

ಇದರ ಇನ್ನೊಂದು ಮುಖವೂ ಇದೆ. ಸಂಬಂಧ ಪದದ ಎರಡೂ ಬದಿಗೆ ಪೂರ್ಣ ವಾಕ್ಯಗಳಿಲ್ಲದೆ, ಒಬ್ಬನೇ ಕರ್ತೃ ಎರಡು ಕೆಲಸ ಮಾಡಿದಾಗ ಅಲ್ಪವಿರಾಮ ಬೇಡ. “ಶಿ ವೆಂಟ್ ಟು ಹೊಸಪೇಟೆ ಆ್ಯಂಡ್ ಬಾಟ್ ಎ ಸ್ಯಾರಿ” ಎಂಬಲ್ಲಿ “ಆ್ಯಂಡ್” ನಂತರ ಬೇರೆ ಕರ್ತೃ ಇಲ್ಲ. “ಹೊಸಪೇಟೆಗೆ ಹೋಗಿ, ಸೀರೆ ತಂದಳು” ಎಂದು ಮನಸ್ಸು ಕನ್ನಡದಲ್ಲಿ ಓದುತ್ತಿರುವುದರಿಂದಲೇ ನಮ್ಮ ಕೈ ಅಲ್ಲೊಂದು ಅಲ್ಪವಿರಾಮ ಹಾಕಲು ಹೋಗುತ್ತದೆ.

ಮೂರನೆಯ ಹೆಜ್ಜೆ: ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಗೋಡೆ ಕಟ್ಟಬೇಡಿ

ಕರ್ತೃಭಾಗ ಉದ್ದವಾದಾಗ ಅದರ ಕೊನೆಯಲ್ಲಿ ಉಸಿರು ನಿಲ್ಲುವುದು ಸಹಜ. “ದಿ ಫಾರ್ಮರ್ಸ್ ಹೂ ಗ್ರೋ ಪ್ಯಾಡಿ ನಿಯರ್ ಸಿಂಧನೂರು, ನೀಡ್ ವಾಟರ್ ಇನ್ ಮಾರ್ಚ್” ಎಂಬ ವಾಕ್ಯದಲ್ಲಿ “ಸಿಂಧನೂರು” ಬಳಿಯ ಅಲ್ಪವಿರಾಮ ಹಾಗೆ ಬಂದದ್ದು. “ಫಾರ್ಮರ್ಸ್” ಎಂಬ ಕರ್ತೃ ತನ್ನ “ನೀಡ್” ಎಂಬ ಕ್ರಿಯಾಪದದಿಂದ ಅಲ್ಲಿ ತುಂಡಾಗಿದೆ. ಅದನ್ನು ತೆಗೆದುಬಿಡಿ. ವಾಕ್ಯ ತೀರ ಉದ್ದವೆನಿಸಿದರೆ ವಾಕ್ಯವನ್ನೇ ಒಡೆಯಿರಿ.

ನಾಲ್ಕನೆಯ ಹೆಜ್ಜೆ: ಆರಿಸುವ ಮಾತೋ, ಸೇರಿಸುವ ಮಾತೋ?

ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಇಲ್ಲಿ ಒಂದು ಅಲ್ಪವಿರಾಮದಿಂದ ಮನೆಯ ಜನರ ಸಂಖ್ಯೆಯೇ ಬದಲಾಗುತ್ತದೆ. ಕನ್ನಡದಲ್ಲಿ “ಬಳ್ಳಾರಿಯಲ್ಲಿರುವ ನನ್ನ ಅಣ್ಣ ಜೀನ್ಸ್ ಹೊಲಿಯುತ್ತಾನೆ” ಎಂದರೆ ನನಗೆ ಒಬ್ಬನೇ ಅಣ್ಣನೋ ಮೂವರೋ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಈ ಮಾತನ್ನು ಬರೆಯುವಾಗ ಒಂದು ಪಕ್ಷ ಹಿಡಿಯಲೇಬೇಕು. “ಮೈ ಬ್ರದರ್ ಹೂ ಲಿವ್ಸ್ ಇನ್ ಬಳ್ಳಾರಿ ಸ್ಟಿಚಸ್ ಜೀನ್ಸ್” ಎಂದು ಅಲ್ಪವಿರಾಮವಿಲ್ಲದೆ ಬರೆದರೆ, ನನಗೆ ಒಬ್ಬರಿಗಿಂತ ಹೆಚ್ಚು ಅಣ್ಣತಮ್ಮಂದಿರಿದ್ದು ಅವರಲ್ಲಿ ಬಳ್ಳಾರಿಯವನನ್ನು ಆರಿಸಿ ಹೇಳುತ್ತಿದ್ದೇನೆ ಎಂದರ್ಥ. “ಮೈ ಬ್ರದರ್, ಹೂ ಲಿವ್ಸ್ ಇನ್ ಬಳ್ಳಾರಿ, ಸ್ಟಿಚಸ್ ಜೀನ್ಸ್” ಎಂದರೆ ಇರುವವನು ಒಬ್ಬನೇ. ಬಳ್ಳಾರಿಯ ಮಾತು ಜೊತೆಗೆ ಸೇರಿಸಿದ ವಿವರ ಮಾತ್ರ.

ಪರೀಕ್ಷೆ ಮಾಡುವುದು ಸುಲಭ. “ಹೂ” ಅಥವಾ “ವಿಚ್” ಇಂದ ಆರಂಭವಾಗುವ ಭಾಗವನ್ನು ಅಳಿಸಿ ಓದಿ. ಯಾರ ಬಗ್ಗೆ ಹೇಳುತ್ತಿದ್ದೀರಿ ಎಂಬುದು ಆಗಲೂ ಖಚಿತವಾಗಿದ್ದರೆ ಅದು ಸೇರಿಸಿದ ಮಾತು, ಅಲ್ಪವಿರಾಮ ಬೇಕು. “ಯಾರು?” ಎಂಬ ಪ್ರಶ್ನೆ ಎದ್ದರೆ ಅದು ಆರಿಸುವ ಮಾತು, ಅಲ್ಪವಿರಾಮ ಬೇಡ. “ತುಂಗಭದ್ರಾ, ವಿಚ್ ಜಾಯಿನ್ಸ್ ದಿ ಕೃಷ್ಣಾ, ಈಸ್ ಅವರ್ ಲೈಫ್‌ಲೈನ್” ಎಂಬಲ್ಲಿ ತುಂಗಭದ್ರಾ ಎಂಬ ಹೊಳೆ ಒಂದೇ ಇರುವುದರಿಂದ ಅಲ್ಪವಿರಾಮ ಬಂದಿದೆ.

ಅರ್ಜಿ, ಆದೇಶ, ಒಪ್ಪಂದಗಳಲ್ಲಿ ಇದು ಹಕ್ಕಿನ ಪ್ರಶ್ನೆಯೂ ಆಗುತ್ತದೆ. ಕಲ್ಯಾಣ ಕರ್ನಾಟಕದವರಾದ ನಾವು 371 ಜೆ ವಿಧಿಯ ಪ್ರಮಾಣಪತ್ರ ಹಿಡಿದು ಉದ್ಯೋಗಕ್ಕೂ ಸೀಟಿಗೂ ಅರ್ಜಿ ಹಾಕುವವರು. “ಕ್ಯಾಂಡಿಡೇಟ್ಸ್ ಹೂ ಹೋಲ್ಡ್ ದಿ ಸರ್ಟಿಫಿಕೇಟ್ ಮೇ ಅಪ್ಲೈ” ಎಂದರೆ ಪ್ರಮಾಣಪತ್ರ ಇರುವವರು ಮಾತ್ರ ಅರ್ಜಿ ಹಾಕಬಹುದು. “ಕ್ಯಾಂಡಿಡೇಟ್ಸ್, ಹೂ ಹೋಲ್ಡ್ ದಿ ಸರ್ಟಿಫಿಕೇಟ್, ಮೇ ಅಪ್ಲೈ” ಎಂದರೆ ಎಲ್ಲ ಅಭ್ಯರ್ಥಿಗಳೂ ಅರ್ಜಿ ಹಾಕಬಹುದು, ಅವರೆಲ್ಲರ ಬಳಿಯೂ ಪ್ರಮಾಣಪತ್ರ ಇದೆ ಎಂದಾಗುತ್ತದೆ. ಅಕ್ಷರಗಳು ಅವೇ, ಅರ್ಹರಾಗುವವರು ಬೇರೆ.

ಸೇರಿಸಿದ ಮಾತಿನ ಎರಡು ಅಲ್ಪವಿರಾಮಗಳು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಮಾತು ಆರಂಭವಾಗುವಲ್ಲಿ ಒಂದು ಹಾಕಿ, ಮುಗಿಯುವಲ್ಲಿ ಎರಡನೆಯದನ್ನು ಮರೆತರೆ ವಾಕ್ಯ ಒಂದು ಕಡೆಗೆ ವಾಲುತ್ತದೆ. ಬರೆದಾದ ಮೇಲೆ ಎರಡನೆಯ ಎತ್ತು ಇದೆಯೇ ಎಂದು ಪ್ರತಿ ಬಾರಿಯೂ ನೋಡಿ.

ಐದನೆಯ ಹೆಜ್ಜೆ: ವಾಕ್ಯದ ಬಾಗಿಲಿನಲ್ಲಿ

“ಇಫ್”, “ವೆನ್”, “ಆಫ್ಟರ್”, “ಬಿಕಾಸ್” ಮೊದಲಾದ ಪದಗಳಿಂದ ಆರಂಭವಾಗುವ ಭಾಗ ಮೊದಲು ಬಂದರೆ ಅದರ ಕೊನೆಯಲ್ಲಿ ಅಲ್ಪವಿರಾಮ ಹಾಕಿ. ಅದೇ ಭಾಗ ವಾಕ್ಯದ ಕೊನೆಗೆ ಬಂದರೆ ಸಾಮಾನ್ಯವಾಗಿ ಬೇಡ. “ಆಫ್ಟರ್ ದಿ ಪ್ಯಾಡಿ ವಾಸ್ ಸೋಲ್ಡ್, ವಿ ರಿಪೇಡ್ ದಿ ಲೋನ್.” “ವಿ ರಿಪೇಡ್ ದಿ ಲೋನ್ ಆಫ್ಟರ್ ದಿ ಪ್ಯಾಡಿ ವಾಸ್ ಸೋಲ್ಡ್.” ಬಾಗಿಲಿನ ಅಲ್ಪವಿರಾಮವನ್ನು ಬಿಟ್ಟರೆ ಓದುಗ ಎಲ್ಲಿ ದಾರಿ ತಪ್ಪುತ್ತಾನೆಂಬುದಕ್ಕೆ ಈ ವಾಕ್ಯವನ್ನು ಓದಿ: “ವೆನ್ ವಿ ಲೆಫ್ಟ್ ರಾಯಚೂರು ಸ್ಟೇಷನ್ ವಾಸ್ ಎಂಪ್ಟಿ.” ಓದುಗ “ರಾಯಚೂರು ಸ್ಟೇಷನ್ ಬಿಟ್ಟಾಗ” ಎಂದು ಹೊರಟು, ಖಾಲಿಯಿದ್ದದ್ದು ಏನೆಂದು ತಿಳಿಯದೆ ಹಿಂದಿರುಗಿ ಬರಬೇಕಾಗುತ್ತದೆ. “ಲೆಫ್ಟ್” ನಂತರ ಒಂದು ಅಲ್ಪವಿರಾಮ ಬಿದ್ದರೆ ಅಲೆದಾಟ ಮುಗಿಯುತ್ತದೆ.

ಆರನೆಯ ಹೆಜ್ಜೆ: ಪಟ್ಟಿ ಬರೆಯುವಾಗ

ಕನ್ನಡದಲ್ಲಿ “ಭತ್ತ, ಜೋಳ, ಸಜ್ಜೆ ಮತ್ತು ತೊಗರಿ” ಎಂದು ಬರೆಯುತ್ತೇವೆ. “ಮತ್ತು” ಹಿಂದೆ ಅಲ್ಪವಿರಾಮ ಹಾಕುವ ರೂಢಿ ನಮಗಿಲ್ಲ. ಇಂಗ್ಲಿಷಿನಲ್ಲಿ ಎರಡು ಸಂಪ್ರದಾಯಗಳಿವೆ. “ರೈಸ್, ಜೋವಾರ್ ಆ್ಯಂಡ್ ಕಾಟನ್” ಎಂದು ಬರೆಯುವವರಿದ್ದಾರೆ, “ರೈಸ್, ಜೋವಾರ್, ಆ್ಯಂಡ್ ಕಾಟನ್” ಎಂದು ಬರೆಯುವವರೂ ಇದ್ದಾರೆ. “ಆ್ಯಂಡ್” ಹಿಂದಿನ ಆ ಅಲ್ಪವಿರಾಮಕ್ಕೆ ಆಕ್ಸ್‌ಫರ್ಡ್ ಕಾಮಾ ಎಂದು ಹೆಸರು. ಭಾರತದ ಪತ್ರಿಕೆಗಳು ಮತ್ತು ಸರ್ಕಾರಿ ಬರವಣಿಗೆ ಹೆಚ್ಚಾಗಿ ಅದನ್ನು ಬಿಟ್ಟೇ ಬರೆಯುತ್ತವೆ, ಅದು ತಪ್ಪಲ್ಲ.

ಆದರೆ ಅದನ್ನು ಬಿಡುವುದರಿಂದ ಏನಾಗಬಹುದೆಂಬುದಕ್ಕೆ ಅಮೆರಿಕದ ಮೇನ್ ರಾಜ್ಯದ ಒಂದು ಮೊಕದ್ದಮೆ ಸಾಕ್ಷಿಯಾಗಿದೆ. ಹೆಚ್ಚುವರಿ ಅವಧಿಯ ವೇತನ ಯಾವ ಕೆಲಸಗಳಿಗೆ ಅನ್ವಯಿಸುವುದಿಲ್ಲ ಎಂದು ಅಲ್ಲಿನ ಕಾನೂನು ಒಂದು ಪಟ್ಟಿ ಕೊಟ್ಟಿತ್ತು. ಕೆಡುವ ಆಹಾರ ಪದಾರ್ಥಗಳನ್ನು ಡಬ್ಬಿಯಲ್ಲಿ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು ಮುಂತಾದವುಗಳ ಕೊನೆಯಲ್ಲಿ “ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್” ಎಂದಿತ್ತು. “ಶಿಪ್‌ಮೆಂಟ್” ನಂತರ ಅಲ್ಪವಿರಾಮ ಇರಲಿಲ್ಲ. ಸಾಗಣೆಗಾಗಿಯೋ ವಿತರಣೆಗಾಗಿಯೋ ಪ್ಯಾಕ್ ಮಾಡುವುದು ಎಂಬ ಒಂದೇ ಕೆಲಸವೋ, ಅಥವಾ ಪ್ಯಾಕ್ ಮಾಡುವುದು ಒಂದು, ವಿತರಿಸುವುದು ಇನ್ನೊಂದು ಎಂಬ ಎರಡು ಕೆಲಸಗಳೋ ಎಂಬ ಪ್ರಶ್ನೆ ಎದ್ದಿತು. ಓಕ್‌ಹರ್ಸ್ಟ್ ಡೈರಿಯ ಚಾಲಕರು ಹಾಲನ್ನು ವಿತರಿಸುತ್ತಿದ್ದರೇ ಹೊರತು ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ಮಾತು ಅಸ್ಪಷ್ಟವಾಗಿದೆಯೆಂದು ಹೇಳಿ ಚಾಲಕರ ಪರವಾಗಿ ತೀರ್ಪಿತ್ತಿತು, 2018ರಲ್ಲಿ ಪ್ರಕರಣ 50 ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಆ ತೀರ್ಪಿನ ನಂತರ ಶಾಸನಸಭೆಯು ಆ ಪಟ್ಟಿಯ ಅಲ್ಪವಿರಾಮಗಳ ಜಾಗದಲ್ಲಿ ಅರ್ಧವಿರಾಮಗಳನ್ನಿಟ್ಟು ಕಾನೂನನ್ನು ತಿದ್ದಿತು.

ನನ್ನ ಸಲಹೆ ಇಷ್ಟು: ಒಂದು ಸಂಪ್ರದಾಯವನ್ನು ಹಿಡಿದು ಬರಹದುದ್ದಕ್ಕೂ ಪಾಲಿಸಿ. ಕೊನೆಯ ಎರಡು ಪದಗಳು ಒಂದಾಗಿ ಓದಿಸಿಕೊಳ್ಳುವ ಅಪಾಯವಿರುವಲ್ಲಿ ಮಾತ್ರ, ಸಂಪ್ರದಾಯ ಯಾವುದೇ ಇರಲಿ, ಅಲ್ಪವಿರಾಮ ಹಾಕಿಬಿಡಿ.

ಏಳನೆಯ ಹೆಜ್ಜೆ: ಕೋಲನ್

ನಮ್ಮ ಶಾಲಾ ವ್ಯಾಕರಣದ ವಿವರಣಾತ್ಮಕ ಚಿಹ್ನೆಯಲ್ಲಿ ಎರಡು ಚುಕ್ಕೆಗಳ ಪಕ್ಕದಲ್ಲಿ ಒಂದು ಅಡ್ಡಗೆರೆಯೂ ಇರುತ್ತದೆ. ಆ ಗೆರೆಯನ್ನು ಇಂಗ್ಲಿಷಿಗೆ ಒಯ್ಯಬೇಡಿ. ಇಂದಿನ ಇಂಗ್ಲಿಷಿನಲ್ಲಿ ಎರಡು ಚುಕ್ಕೆಗಳಷ್ಟೇ ಸಾಕು.

ಕೋಲನ್ ಎಲ್ಲಿ ಬರುತ್ತದೆ ಎಂಬುದನ್ನು ಕನ್ನಡದ ಕಿವಿಯಿಂದಲೇ ಕಂಡುಹಿಡಿಯಬಹುದು. ಆ ಜಾಗದಲ್ಲಿ “ಯಾವುವೆಂದರೆ”, “ಏನೆಂದರೆ”, “ಏಕೆಂದರೆ” ಎಂಬ ಪದಗಳಲ್ಲಿ ಒಂದನ್ನು ಇಟ್ಟು ನೋಡಿ. “ವಿ ಗ್ರೋ ತ್ರೀ ಕ್ರಾಪ್ಸ್: ರೈಸ್, ಚಿಲ್ಲಿ ಆ್ಯಂಡ್ ಕಾಟನ್” ಎಂಬಲ್ಲಿ “ಯಾವುವೆಂದರೆ” ಕೂರುತ್ತದೆ. “ದಿ ಕ್ರಾಪ್ ಫೇಲ್ಡ್: ದಿ ವಾಟರ್ ಕೇಮ್ ಟೂ ಲೇಟ್” ಎಂಬಲ್ಲಿ “ಏಕೆಂದರೆ” ಕೂರುತ್ತದೆ. ಇದರ ಜೊತೆಗೆ ಇನ್ನೊಂದು ಷರತ್ತಿದೆ: ಕೋಲನ್ನಿನ ಎಡಭಾಗ ತಾನಾಗಿ ನಿಲ್ಲುವ ಪೂರ್ಣ ವಾಕ್ಯವಾಗಿರಬೇಕು. “ಅವರ್ ಕ್ರಾಪ್ಸ್ ಆರ್: ರೈಸ್, ಚಿಲ್ಲಿ ಆ್ಯಂಡ್ ಕಾಟನ್” ಎಂಬಲ್ಲಿ “ಅವರ್ ಕ್ರಾಪ್ಸ್ ಆರ್” ಎಂಬುದು ನಿಲ್ಲುವುದಿಲ್ಲ, ಅಲ್ಲಿ ಕೋಲನ್ ಬೇಡ. “ಸಚ್ ಆ್ಯಸ್”, “ಇನ್‌ಕ್ಲೂಡಿಂಗ್” ಎಂಬವುಗಳ ಪಕ್ಕದಲ್ಲೂ ಬೇಡ. ಬಲಭಾಗ ಮಾತ್ರ ಪೂರ್ಣ ವಾಕ್ಯವಾಗಿರಬಹುದು, ಪಟ್ಟಿಯಾಗಿರಬಹುದು, ಒಂದೇ ಪದವೂ ಆಗಿರಬಹುದು. ಒಂದು ವಾಕ್ಯದಲ್ಲಿ ಎರಡು ಕೋಲನ್ ಬಳಸಬೇಡಿ. ಅರ್ಜಿಯ ತಲೆಯಲ್ಲಿ ಬರುವ “ಸಬ್ಜೆಕ್ಟ್:” ಎಂಬಂಥ ಶೀರ್ಷಿಕೆಗಳಿಗೆ ಈ ಷರತ್ತು ಅನ್ವಯಿಸದು.

ಎಂಟನೆಯ ಹೆಜ್ಜೆ: ಅರ್ಧವಿರಾಮ

ಹದಿನೈದನೆಯ ಶತಮಾನದ ಕೊನೆಯಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಲ್ಲಿ ಈಗಿನ ರೂಪದ ಅರ್ಧವಿರಾಮ ಬಳಕೆಗೆ ಬಂದಿತು. ಅದನ್ನು ಕಂಡರೆ ನಮ್ಮ ವಿದ್ಯಾರ್ಥಿಗಳು ಹೆದರುತ್ತಾರೆ, ಆದರೆ ಅದಕ್ಕಿರುವುದು ಎರಡೇ ಕೆಲಸ. ಮೊದಲನೆಯದನ್ನು ಕಾಲುವೆಯ ವಾಕ್ಯದಲ್ಲಿ ಆಗಲೇ ಕಂಡೆವು: ಎರಡೂ ಬದಿಗೆ ಪೂರ್ಣ ವಾಕ್ಯಗಳಿದ್ದು, ಒಂದರ ಮಾತನ್ನು ಇನ್ನೊಂದು ಮುಂದುವರಿಸುತ್ತಿರಬೇಕು. ಒಂದು ಬದಿಯಲ್ಲಿ “ಬಿಕಾಸ್” ಇಂದ ಆರಂಭವಾಗುವ ಅರೆವಾಕ್ಯವಿದ್ದರೆ ಅರ್ಧವಿರಾಮ ಸಲ್ಲದು. ಪಟ್ಟಿಯನ್ನು ಆರಂಭಿಸುವ ಕೆಲಸವೂ ಅದರದಲ್ಲ, ಅದು ಕೋಲನ್ನಿನದು.

ಎರಡನೆಯ ಕೆಲಸ, ಒಳಗೆ ಅಲ್ಪವಿರಾಮಗಳಿರುವ ಪಟ್ಟಿಯ ಅಂಶಗಳನ್ನು ಬೇರ್ಪಡಿಸುವುದು. ಭತ್ತ ಬೆಳೆಗಾರರ ಪತ್ರಕ್ಕೆ ಬೇಕಾಗಿದ್ದದ್ದು ಇದೇ. “ವಿ ಹ್ಯಾವ್ ತ್ರೀ ಗೋಡೌನ್ಸ್: ಗಂಗಾವತಿ, ಕೊಪ್ಪಳ; ಸಿಂಧನೂರು, ರಾಯಚೂರು; ಆ್ಯಂಡ್ ಸಿರುಗುಪ್ಪ, ಬಳ್ಳಾರಿ.” ಈ ಸೀಮೆಯನ್ನು ನಕ್ಷೆಯಲ್ಲಿಯೂ ನೋಡಿರದವರು ಇದನ್ನು ಓದಿದರೂ ಗೋದಾಮುಗಳು ಮೂರೇ. ಪಟ್ಟಿಯ ಒಂದು ಅಂಶದೊಳಗೆ ಅಲ್ಪವಿರಾಮ ಬಂದರೂ ಸಾಕು, ಎಲ್ಲ ಅಂಶಗಳ ನಡುವೆ ಅರ್ಧವಿರಾಮವೇ ಇರಲಿ. ಒಂದು ಕಡೆ ಅಲ್ಪವಿರಾಮ, ಇನ್ನೊಂದು ಕಡೆ ಅರ್ಧವಿರಾಮ ಎಂದು ಕಲಸಬೇಡಿ.

ಸಣ್ಣ ಸಂಗತಿಗಳು ಕೆಲವು ಉಳಿದಿವೆ. ಮೂರೂ ಚಿಹ್ನೆಗಳ ಹಿಂದೆ ಜಾಗ ಬಿಡಬಾರದು, ಮುಂದೆ ಒಂದು ಜಾಗ ಬಿಡಬೇಕು. ಮೊಬೈಲಿನಲ್ಲಿ ಟೈಪು ಮಾಡುವವರು ಇದನ್ನು ಗಮನಿಸುವುದು ಅಗತ್ಯ. ಯಾರನ್ನಾದರೂ ಕರೆದು ಹೇಳುವಾಗ ಹೆಸರನ್ನು ಬೇರ್ಪಡಿಸಿ: “ಥ್ಯಾಂಕ್ ಯೂ, ಸರ್.” ಪತ್ರದ “ಡಿಯರ್ ಸರ್,” ಮತ್ತು “ಯುವರ್ಸ್ ಫೇತ್‌ಫುಲಿ,” ಎಂಬವುಗಳ ಕೊನೆಗೆ ಅಲ್ಪವಿರಾಮ ಬರುವುದು ನಮ್ಮಲ್ಲಿನ ರೂಢಿ. “10 ಆಗಸ್ಟ್ 2024” ಎಂದು ದಿನಾಂಕ ಬರೆದರೆ ನಡುವೆ ಅಲ್ಪವಿರಾಮ ಬೇಡ. “ಆಗಸ್ಟ್ 10, 2024” ಎಂದು ಬರೆದರೆ ಬೇಕು. ಕೋಲನ್ ಮತ್ತು ಅರ್ಧವಿರಾಮದ ನಂತರದ ಪದ ಅಂಕಿತನಾಮವಲ್ಲದಿದ್ದರೆ ದೊಡ್ಡ ಅಕ್ಷರ ಬೇಡ.

ಅಭ್ಯಾಸಕ್ಕೆ ಒಂದು ಪಾಠ

ಮೂರೂ ಚಿಹ್ನೆಗಳನ್ನು ಒಂದೇ ಕಡೆ ಕಲಿಸುವ ಇಂಗ್ಲಿಷ್ ವಾಕ್ಯ ಬೇಕೆಂದು ಹುಡುಕಿದವನಿಗೆ ನಮ್ಮ ಸಂವಿಧಾನದ ಪೀಠಿಕೆಗಿಂತ ಉತ್ತಮವಾದದ್ದು ನನಗೆ ಸಿಕ್ಕಿಲ್ಲ. ಅದು ಇಡಿಯಾಗಿ ಒಂದೇ ವಾಕ್ಯ. “ವಿ, ದಿ ಪೀಪಲ್ ಆಫ್ ಇಂಡಿಯಾ,” ಎಂಬಲ್ಲಿಯೇ ನೊಗಕ್ಕೆ ಕಟ್ಟಿದ ಜೋಡಿ ಅಲ್ಪವಿರಾಮಗಳಿವೆ: “ದಿ ಪೀಪಲ್ ಆಫ್ ಇಂಡಿಯಾ” ಎಂಬುದು “ವಿ” ಎಂಬ ಕರ್ತೃವಿಗೆ ಸೇರಿಸಿದ ಮಾತು. “ಹ್ಯಾವಿಂಗ್ ಸಾಲೆಮ್ಲಿ ರಿಸಾಲ್ವ್ಡ್” ಎಂಬುದು ನಮ್ಮ “ನಿರ್ಧರಿಸಿ” ಇದ್ದಂತೆ, ಮುಗಿಯದ ಕ್ರಿಯೆ. ಪೂರ್ಣ ಕ್ರಿಯಾಪದವಾದ “ಡು ಹಿಯರ್‌ಬೈ ಅಡಾಪ್ಟ್, ಇನ್ಯಾಕ್ಟ್ ಆ್ಯಂಡ್ ಗಿವ್” ಬರುವುದು ಎಲ್ಲ ಮುಗಿಯುವ ಹೊತ್ತಿಗೆ. ಕ್ರಿಯಾಪದವನ್ನು ಕೊನೆಗೆ ಕಾಯ್ದಿಟ್ಟಿರುವ ಈ ಕಟ್ಟಡ ಕನ್ನಡಿಗರಿಗೆ ಬೇಗ ಹೊಂದಿಕೊಳ್ಳುತ್ತದೆ.

ನಡುವಿನ ಭಾಗವನ್ನು ನೋಡಿ. “ಟು ಸೆಕ್ಯೂರ್ ಟು ಆಲ್ ಇಟ್ಸ್ ಸಿಟಿಜನ್ಸ್” ಎಂಬಲ್ಲಿ ಕೋಲನ್ ಇದೆ. ನಾಗರಿಕರಿಗೆ ದೊರಕಿಸಿಕೊಡುವುದು “ಏನೆಂದರೆ” ಎಂದು ಅದನ್ನು ಓದಬಹುದು. ಗಂಭೀರವಾದ ಶಾಸನಶೈಲಿಯಾದ್ದರಿಂದ ಅದರ ಎಡಭಾಗ ಪೂರ್ಣ ವಾಕ್ಯವಲ್ಲ. ಪ್ರತಿ ಅಂಶವನ್ನೂ ಹೊಸ ಸಾಲಿನಲ್ಲಿ ಬರೆಯುವ ಕಡೆ ಈ ವಿನಾಯಿತಿಯುಂಟು, ನಮ್ಮ ಪತ್ರಗಳ ನಿರಂತರ ಗದ್ಯದಲ್ಲಿ ಅದನ್ನು ಬಳಸದಿರುವುದು ಒಳ್ಳೆಯದು. ಮುಂದೆ “ಜಸ್ಟಿಸ್, ಸೋಷಿಯಲ್, ಎಕನಾಮಿಕ್ ಆ್ಯಂಡ್ ಪೊಲಿಟಿಕಲ್;” ಎಂದು ನ್ಯಾಯದ ಗುಂಪು ಅರ್ಧವಿರಾಮದಿಂದ ಮುಗಿಯುತ್ತದೆ. ಸ್ವಾತಂತ್ರ್ಯದ ಗುಂಪಿನಲ್ಲಿ “ಥಾಟ್, ಎಕ್ಸ್‌ಪ್ರೆಶನ್, ಬಿಲೀಫ್, ಫೇತ್ ಆ್ಯಂಡ್ ವರ್ಶಿಪ್;” ಎಂದು ಒಳಗೆ ಅಲ್ಪವಿರಾಮಗಳು, ಹೊರಗೆ ಅರ್ಧವಿರಾಮ. ಸಮಾನತೆಯ ಗುಂಪಿನ ಒಳಗೆ ಒಂದೂ ಅಲ್ಪವಿರಾಮವಿಲ್ಲ, ಆದರೂ ಅದರ ಕೊನೆಗೆ ಅರ್ಧವಿರಾಮವೇ ಇದೆ. ಕಲಸಬಾರದೆಂದು ಹೇಳಿದ್ದು ಇದನ್ನೇ. ಆಕ್ಸ್‌ಫರ್ಡ್ ಕಾಮಾ ಎಲ್ಲಿಯೂ ಇಲ್ಲವೆಂಬುದನ್ನೂ ಗಮನಿಸಿ. ಈ ಅರ್ಧವಿರಾಮಗಳನ್ನು ಕಿತ್ತು ಬರೀ ಅಲ್ಪವಿರಾಮಗಳನ್ನು ಇಟ್ಟರೆ, ಪೂಜಾ ಸ್ವಾತಂತ್ರ್ಯ ಎಲ್ಲಿ ಮುಗಿಯಿತು, ಸಮಾನತೆ ಎಲ್ಲಿ ಆರಂಭವಾಯಿತು ಎಂದು ತಡಕಾಡಬೇಕಾಗುತ್ತದೆ.

ಶಾಲಾ ಪಠ್ಯಪುಸ್ತಕದಲ್ಲಿ ಪೀಠಿಕೆಯ ಇಂಗ್ಲಿಷ್ ಪಾಠ ಸಿಗುತ್ತದೆ. ಅದನ್ನು ಯಾವ ಚಿಹ್ನೆಯೂ ಇಲ್ಲದೆ ಒಂದು ಹಾಳೆಯಲ್ಲಿ ನಕಲು ಮಾಡಿಕೊಳ್ಳಿ. ಎರಡು ದಿನ ಬಿಟ್ಟು, ಮೂಲವನ್ನು ನೋಡದೆ, ಪೆನ್ಸಿಲ್ಲಿನಿಂದ ಚಿಹ್ನೆಗಳನ್ನು ಹಾಕಿ. ಆಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು, ನಿಮ್ಮ ಚಿಹ್ನೆ ಎಲ್ಲೆಲ್ಲಿ ಬೇರೆಯಾಗಿದೆಯೋ ಅಲ್ಲಲ್ಲಿ ಕಾರಣವನ್ನು ಅಂಚಿನಲ್ಲಿ ಕನ್ನಡದಲ್ಲಿ ಬರೆಯಿರಿ. ಮುಂದಿನ ವಾರ, ನೀವು ಇತ್ತೀಚೆಗೆ ಇಂಗ್ಲಿಷಿನಲ್ಲಿ ಬರೆದ ಒಂದು ಅರ್ಜಿಯನ್ನೋ ಇ-ಮೇಲನ್ನೋ ಹೊರತೆಗೆದು, ಅದರ ಪ್ರತಿ ಅಲ್ಪವಿರಾಮದ ಎಡಕ್ಕೂ ಬಲಕ್ಕೂ ಬೆರಳಿಟ್ಟು ಇದೇ ಪರೀಕ್ಷೆ ಮಾಡಿ.